ನಿಮಗಿದು ಗೊತ್ತೇ? ಮೇ ತಿಂಗಳ ಕೆನೂ, ಮುತ್ತಿಕೊಳ್ಳುವ ನೊಣ

ಕೆನಡಾದ ಆಂಟೇರಿಯೊ ಪ್ರಾಂತ್ಯದ ಆಲ್ಗೊನ್‌ಕ್ವಿನ್ ಪಾರ್ಕ್ ಶುರುವಾದದ್ದು 1893ರಲ್ಲಿ. ಸಾವಿರಕ್ಕೂ ಮಿಕ್ಕಿದ ಕೆರೆಗಳು, ಅವುಗಳ ನಡುವೆ ಕೆನೂ ಎನ್ನುವ ಹುಟ್ಟುದೋಣಿಗೆ 2,000 ಕಿ.ಮೀ.ಗೂ ಹೆಚ್ಚು ದಾರಿ. ಟೊರಾಂಟೊದಿಂದ ಕಾರಿನಲ್ಲಿ ಮೂರು-ಮೂರೂವರೆ ತಾಸಿನ ಹಾದಿ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಮೇ ತಿಂಗಳ ವಿಕ್ಟೋರಿಯಾ ಡೇ ರಜೆ ಬಂತೆಂದರೆ ಟೆಂಟು ಕಟ್ಟಿಕೊಂಡು ಆ ಕಡೆ ಹೊರಡುವುದುಂಟು. ಆ ರಜೆಗೂ ಒಂದು ಪುಟ್ಟ ಕರಿನೊಣದ ಹುಟ್ಟಿಗೂ ಹೆಚ್ಚುಕಡಿಮೆ ಒಂದೇ ಮುಹೂರ್ತ. ಹೊರಡುವ ಮುನ್ನ ಇಷ್ಟು ತಿಳಿದಿರಲಿ.

● ಕಚ್ಚುವವರ ಪಂಚಾಂಗ ಹೀಗಿದೆ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಬ್ಲ್ಯಾಕ್ ಫ್ಲೈ ಎನ್ನುವ ಕರಿನೊಣ. ಅದರ ಬೆನ್ನಿಗೇ ಸೊಳ್ಳೆ, ಜೂನ್ ಪೂರ್ತಿ ಜೋರು. ಜುಲೈಗೆ ಜಿಂಕೆನೊಣ, ಕುದುರೆನೊಣ. ಆಗಸ್ಟ್ ಕೊನೆಗೆ ಬಹುತೇಕ ಎಲ್ಲರೂ ರಜೆ ಮೇಲೆ.

● ಕೆರೆಗಳ ಮೇಲಿನ ಹಿಮಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಕರಗುತ್ತದೆ. ಅಲ್ಲಿಂದ ನೊಣ ಏಳುವವರೆಗೆ ಎರಡು-ಮೂರು ವಾರಗಳ ಬಿಡುವು ಸಿಗುತ್ತದೆ. ಪಳಗಿದ ಕೆನೂಗಾರರು ಕಾಯುವುದು ಇದಕ್ಕಾಗಿಯೇ. ಆದರೆ ಆಗ ನೀರು ಕೊರೆಯುತ್ತಿರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಡುವ ಸೂತ್ರ 1-10-1: ಬಿದ್ದ ಮೇಲೆ ಉಸಿರು ಹದಕ್ಕೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಒಂದು ಗಂಟೆಯ ಲೆಕ್ಕ ಸಿಗುವುದೇ ಇಲ್ಲ. ನೊಣವೋ ಚಳಿಯೋ ಎಂದು ಯಾರಾದರೂ ಕೇಳಿದರೆ ನನ್ನ ಓಟು ನೊಣಕ್ಕೆ.

● ಆ ಬಿಡುವಿನಲ್ಲೂ ಒಬ್ಬರಿಗೆ ರಜೆಯಿಲ್ಲ: ಉಣುಗು. ಕರಿಗಾಲಿನ ಉಣುಗಿನ ದೊಡ್ಡ ಹುಳುಗಳು ಗಾಳಿ 4 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು, ಹುಲ್ಲಿನ ತುದಿ ಹತ್ತಿ ಕೂರುತ್ತವೆ. ಎಂಟು ಕಾಲಿನ ಉಣುಗು ಕೀಟವಲ್ಲ, ಜೇಡದ ಬಳಗ. ಅದು ಹರಡುವ ಲೈಮ್ ಕಾಯಿಲೆಗೆ ಅಮೆರಿಕದ ಕನೆಕ್ಟಿಕಟ್‌ನ ಒಂದು ಊರಿನ ಹೆಸರು. ಅದರ ಬ್ಯಾಕ್ಟೀರಿಯಾವನ್ನು ವಿಲ್ಲಿ ಬರ್ಗ್‌ಡಾರ್ಫರ್ ತೋರಿಸಿಕೊಟ್ಟದ್ದು 1982ರಲ್ಲಿ. ಕಚ್ಚಿದ ಉಣುಗಿನಿಂದ ಆ ಬ್ಯಾಕ್ಟೀರಿಯಾ ಮೈ ಸೇರಲು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ದಿನಾ ಸಂಜೆ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ತಲೆಗೂದಲು ನೋಡಿಕೊಳ್ಳುವುದು ಲಾಭದ ಕೆಲಸ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಸುರಿಯುವುದು ಬೇಡ.

● ಉಣುಗಿನ ವಿಷಯದಲ್ಲಿ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಅಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಗ್ವಾಲಿಯರ್‌ನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ ತಯಾರಾದ ಸೂತ್ರ. ಮೊದಲ ಉದ್ದೇಶ ಸೈನಿಕರನ್ನು ಕಾಯುವುದಾಗಿತ್ತು.

● ಸೊಳ್ಳೆಗೆ ನಿಂತ ನೀರು ಬೇಕು. ಕರಿನೊಣಕ್ಕೆ ಹರಿವ ನೀರೇ ಆಗಬೇಕು, ಅದೂ ಶುದ್ಧವಾಗಿ, ಆಮ್ಲಜನಕ ತುಂಬಿಕೊಂಡು ಹರಿಯಬೇಕು. ಮರಿಹುಳು ಕಲ್ಲಿನ ಮೇಲೆ ರೇಷ್ಮೆಯ ಒಂದು ಮೆತ್ತೆ ನೇಯ್ದು, ಬಾಲದ ಕೊಕ್ಕೆಗಳಿಂದ ಅದಕ್ಕೆ ಕಚ್ಚಿಕೊಂಡು, ತಲೆಯ ಮೇಲಿನ ಬೀಸಣಿಗೆಯಿಂದ ನೀರು ಸೋಸಿ ಉಣ್ಣುತ್ತದೆ. ರೆಕ್ಕೆ ಬಂದ ದಿನ ಒಂದು ಗಾಳಿಗುಳ್ಳೆಯೊಳಗೆ ಕೂತು ಮೇಲಕ್ಕೆ ಬರುತ್ತದೆ, ಮೈ ಒದ್ದೆಯಾಗದಂತೆ. ನಿಮ್ಮ ಸುತ್ತ ಕರಿನೊಣ ಕವಿದಿದೆ ಎಂದರೆ ಹೊಳೆಯ ನೀರು ಚೆನ್ನಾಗಿದೆ ಎಂದರ್ಥ. ಕೆರೆದುಕೊಳ್ಳುವಾಗ ಈ ಸಮಾಧಾನ ಎಷ್ಟು ಕೆಲಸಕ್ಕೆ ಬರುತ್ತದೋ ಬೇರೆ ಮಾತು.

● ಈಗ ಕೆನೂ ದಾರಿಯ ಭೂಪಟ ಬಿಡಿಸಿ ನೋಡಿ. ಕೆರೆಯಿಂದ ಕೆರೆಗೆ ಹೋಗುವಾಗ ನಡುವೆ ಬಂಡೆ-ರಭಸ ಬಂದರೆ ದೋಣಿಯನ್ನು ತಲೆ ಮೇಲೆ ಹೊತ್ತು ನಡೆಯಬೇಕು. ಅದನ್ನೇ ಪೋರ್ಟೇಜ್ ಎನ್ನುತ್ತಾರೆ. ರಭಸವಿದ್ದ ಕಡೆಯೇ ಪೋರ್ಟೇಜ್, ರಭಸವಿದ್ದ ಕಡೆಯೇ ಕರಿನೊಣದ ತೊಟ್ಟಿಲು. ಕೆರೆಯ ನೀರು ಹೊಳೆಯಾಗಿ ಹೊರಬೀಳುವ ಬಾಯಲ್ಲಂತೂ ತಿನಿಸು ದಂಡಿ, ಹುಳುವೂ ದಂಡಿ. ಅಲ್ಲಿ ನಿಮ್ಮ ಎರಡೂ ಕೈ ದೋಣಿಯ ಅಂಚು ಹಿಡಿದಿರುತ್ತವೆ, ಏದುಸಿರು ಹೊಮ್ಮುತ್ತಿರುತ್ತದೆ, ಮಗುಚಿದ ದೋಣಿಯ ಕೆಳಗೆ ಗಾಳಿ ಆಡುವುದಿಲ್ಲ. ಕೆರೆ ನಡುವೆ ಹಾಯಾಗಿ ಹುಟ್ಟು ಹಾಕಿದವನೂ ಪೋರ್ಟೇಜ್ ಮುಗಿಸುವಾಗ ಕಿವಿಯ ಹಿಂದೆ ರಕ್ತ ಒರೆಸಿಕೊಳ್ಳುತ್ತಿರುತ್ತಾನೆ. ತಲೆಬಲೆ ಹಾಕಿಕೊಳ್ಳಬೇಕಾದ್ದು ದಡ ಮುಟ್ಟುವ ಮೊದಲೇ. ದೋಣಿ ತಲೆಗೇರಿದ ಮೇಲೆ ಕೈ ಸಿಗುವುದಿಲ್ಲ.

● ಸೊಳ್ಳೆ ಸೂಜಿ ಚುಚ್ಚಿ ಹೀರುತ್ತದೆ. ಕರಿನೊಣ ಚರ್ಮ ಕೊಯ್ದು, ಒಸರಿದ ರಕ್ತವನ್ನು ನೆಕ್ಕುತ್ತದೆ. ಎಂಜಲಿನಲ್ಲಿ ಮರಗಟ್ಟಿಸುವ ಮದ್ದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದೂ ಇರುವುದರಿಂದ ಕಚ್ಚಿದ್ದು ಗೊತ್ತಾಗುವುದು ನಂತರವೇ. ಹೆಚ್ಚು ಕಡಿತವಾದರೆ ಕೆಲವರಿಗೆ ತಲೆನೋವು, ವಾಕರಿಕೆ, ಜ್ವರ, ಕುತ್ತಿಗೆಯಲ್ಲಿ ಗಡ್ಡೆ ಊದುವುದು. ಇದಕ್ಕೆ ಅಲ್ಲಿ 'ಬ್ಲ್ಯಾಕ್ ಫ್ಲೈ ಜ್ವರ' ಎಂದೇ ಹೆಸರು.

● ಕರಿನೊಣ ರಾತ್ರಿ ಕಚ್ಚುವುದಿಲ್ಲ. ಟೆಂಟಿನೊಳಗೆ ಸಿಕ್ಕಿಹಾಕಿಕೊಂಡರೂ ಸಾಮಾನ್ಯವಾಗಿ ಕಚ್ಚದೆ, ಬೆಳಕಿನ ಕಡೆ ಹಾರಿ ಬಟ್ಟೆಗೆ ತಲೆ ಚಚ್ಚಿಕೊಳ್ಳುತ್ತದೆ. ಸಂಜೆ ಅದು ಹೊರಡುವುದಕ್ಕೂ ಸೊಳ್ಳೆ ಬರುವುದಕ್ಕೂ ಸರಿಹೋಗುತ್ತದೆ, ಕಾರ್ಖಾನೆಯ ಪಾಳಿ ಬದಲಾದ ಹಾಗೆ. ಅಡುಗೆ-ಊಟ ಆ ಹೊತ್ತಿಗೆ ಮೊದಲೇ ಮುಗಿಸುವವರು ಜಾಣರು.

● ವಸಂತದ ಸೊಳ್ಳೆ ಹಿಂದಿನ ವರ್ಷದ ಬೆಳೆ. ಬೇಸಿಗೆಯಲ್ಲಿ ತೇವದ ನೆಲಕ್ಕೆ ಬಿದ್ದ ಏಡಿಸ್ ಜಾತಿಗಳ ಮೊಟ್ಟೆಗಳು ಚಳಿಗಾಲವಿಡೀ ಹಿಮದಡಿ ಇದ್ದು, ಹಿಮ ಕರಗಿ ನಿಂತ ಗುಂಡಿನೀರಿನಲ್ಲಿ ಒಟ್ಟಿಗೇ ಒಡೆಯುತ್ತವೆ. ಹೆಚ್ಚಿನವಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಜೂನ್‌ನಲ್ಲಿ ಕಾಡಿಗೆ ಕಾಡೇ ಗುಂಯ್‌ಗುಟ್ಟುವುದು ಇದಕ್ಕೇ.

● ಸೊಳ್ಳೆಯಲ್ಲಿ ಕಚ್ಚುವುದು ಹೆಣ್ಣು ಮಾತ್ರ, ಕರಿನೊಣದಲ್ಲೂ ಅಷ್ಟೆ. ಮೊಟ್ಟೆಗೆ ಪ್ರೋಟೀನ್ ಬೇಕು. ಗಂಡುಗಳಿಗೆ ಹೂವಿನ ಮಕರಂದ ಸಾಕು. ಈ ನಿಯಮ ಮುರಿಯುವುದು ಲಾಯದ ನೊಣ. ನೋಡಲು ಮನೆನೊಣವೇ, ಗಂಡೂ ಕಚ್ಚುತ್ತದೆ ಹೆಣ್ಣೂ ಕಚ್ಚುತ್ತದೆ, ಅದೂ ಕಣಕಾಲಿಗೇ. ಕೆನೂವಿನಲ್ಲಿ ಮಂಡಿಯೂರಿ ಕೂತವರ ಪಾಡು ಕೇಳಬೇಡಿ. ದಪ್ಪ ಕಾಲುಚೀಲ ಒಂದೇ ಉಪಾಯ.

● ಕೆನಡಾದ ಒಂದು ಡಾಲರ್ ನಾಣ್ಯದ ಮೇಲಿರುವ ಹಕ್ಕಿ ಲೂನ್. 1987ರಿಂದ ಅಲ್ಲಿದೆ. ಈ ಲೂನ್‌ಗೆಂದೇ ಒಂದು ಕರಿನೊಣವಿದೆ: ಸಿಮುಲಿಯಂ ಆನ್ಯುಲಸ್. ಹೆಚ್ಚಾಗಿ ಲೂನನ್ನೇ ಹುಡುಕಿ ಬರುತ್ತದೆ. ಕಾಟ ವಿಪರೀತವಾದ ವಸಂತದಲ್ಲಿ ಹಕ್ಕಿ ಮೊಟ್ಟೆಯನ್ನು ಗೂಡಿನಲ್ಲೇ ಬಿಟ್ಟು ನೀರಿಗಿಳಿದುಬಿಡುತ್ತದೆ.

● ಒಬ್ಬ ನಿಜವಾದ ನೊಣಪಂಡಿತನ ಕಥೆ. ಜಾರ್ಜ್ ವಾಷಿಂಗ್ಟನ್ ಸಿಯರ್ಸ್, ಲೇಖನಿಯ ಹೆಸರು ನೆಸ್ಮಕ್. ಸಣ್ಣ ಆಳು, ಆರೋಗ್ಯವೂ ಅಷ್ಟಕ್ಕಷ್ಟೆ. 1883ರಲ್ಲಿ ಅಮೆರಿಕದ ಆಡಿರಾಂಡ್ಯಾಕ್ ಕಾಡಿನ ಕೆರೆಗಳಲ್ಲಿ 266 ಮೈಲಿ ಒಬ್ಬನೇ ಹುಟ್ಟು ಹಾಕಿದ. ಜೆ. ಹೆನ್ರಿ ರಶ್ಟನ್ ಕಟ್ಟಿಕೊಟ್ಟ ಆ ದೋಣಿಯ ತೂಕ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋಗೂ ಕಡಿಮೆ. ಇಂದಿನ ಹಗುರ ಕೆವ್ಲಾರ್ ಕೆನೂ, ಇಬ್ಬರು ಕೂರುವಂಥದ್ದು, ಸುಮಾರು 20 ಕಿಲೋ ತೂಗುತ್ತದೆ. ಮರುವರ್ಷ 1884ರಲ್ಲಿ ಬಂದ ಅವನ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ನೊಣಕ್ಕೆ ಒಂದು ಲೇಪವಿದೆ: ಪೈನ್ ಮರದ ಡಾಂಬರು ಮೂರು ಔನ್ಸ್, ಹರಳೆಣ್ಣೆ ಎರಡು ಔನ್ಸ್, ಪುದೀನ ಜಾತಿಯ ಪೆನಿರಾಯಲ್ ಎಣ್ಣೆ ಒಂದು ಔನ್ಸ್. ಸಣ್ಣ ಉರಿಯಲ್ಲಿ ಕಾಯಿಸಿ ಬಳಿದುಕೊಳ್ಳಬೇಕು. ಮುಖ್ಯ ಷರತ್ತು, ತೊಳೆದುಕೊಳ್ಳಬಾರದು. ದಿನದಿನಕ್ಕೆ ಮೇಲೆ ಬಳಿಯುತ್ತ ಹೋದರೆ ಮೈಗೊಂದು ಮೆರುಗು ಕಟ್ಟಿಕೊಳ್ಳುತ್ತದಂತೆ. ಹರಳೆಣ್ಣೆ ಎಂದ ಕೂಡಲೇ ಅಜ್ಜಿಯ ನೆನಪಾಗಿ ಮಾಡಿ ನೋಡಲು ಹೊರಡಬೇಡಿ. ಪೆನಿರಾಯಲ್ ಎಣ್ಣೆ ಹೊಟ್ಟೆಗೆ ಹೋದರೆ ಯಕೃತ್ತಿಗೆ ವಿಷ.

● ಇಂದು ಎಲ್ಲರ ಚೀಲದಲ್ಲಿರುವ ಸೊಳ್ಳೆಮದ್ದು ಡೀಟ್ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಕೃಷಿ ಇಲಾಖೆಯಲ್ಲಿ. 1946ರಲ್ಲಿ ಸೇನೆಗೆ, 1957ರಲ್ಲಿ ಸಾರ್ವಜನಿಕರಿಗೆ. ಅದು ಹುಳುವನ್ನು ಕೊಲ್ಲುವುದಿಲ್ಲ, ಹತ್ತಿರ ಬಿಡುವುದಿಲ್ಲ ಅಷ್ಟೆ. ಸೊಳ್ಳೆಗೆ ಚೆನ್ನಾಗಿ ನಾಟುತ್ತದೆ, ಕರಿನೊಣ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ.

● ಡೀಟ್ ಪ್ಲಾಸ್ಟಿಕ್ ಕರಗಿಸುತ್ತದೆ! ತಂಪುಕನ್ನಡಕ, ಕೈಗಡಿಯಾರದ ಗಾಜು, ಮೀನಿನ ಗಾಳದ ದಾರ, ರೇಯಾನ್, ಸ್ಪ್ಯಾಂಡೆಕ್ಸ್ ಬಟ್ಟೆ ಎಲ್ಲಕ್ಕೂ ಅಪಾಯ. ಹತ್ತಿ, ಉಣ್ಣೆ, ನೈಲಾನ್‌ಗೆ ಏನೂ ಆಗುವುದಿಲ್ಲ.

● ಆಂಟೇರಿಯೊದ ಕ್ವೆಟಿಕೊ ಪಾರ್ಕ್, ಮಿನ್ನೆಸೋಟದ ಬೌಂಡರಿ ವಾಟರ್ಸ್ ಎರಡೂ ಅಕ್ಕಪಕ್ಕ. ನಡುವೆ ಕೆರೆಯೇ ಗಡಿ. ಆದರೆ ಕೆನಡಾದಲ್ಲಿ 30% ಮೀರಿದ ಡೀಟ್ ಮಾರುವಂತಿಲ್ಲ, ಅಮೆರಿಕದ ಅಂಗಡಿಯಲ್ಲಿ ನೂರರ ಹತ್ತಿರದ್ದೂ ಸಿಗುತ್ತದೆ. ಶೇಕಡಾವಾರು ಏರಿದರೆ ಹೆಚ್ಚುವುದು ಕಾಯುವ ಅವಧಿ, ಕಾಯುವ ಬಲವಲ್ಲ. 50% ದಾಟಿದ ಮೇಲೆ ಅವಧಿಯೂ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಕೆನಡಾದ ವೈದ್ಯರು ಡೀಟ್ ಹಚ್ಚಲು ಹೇಳುವುದೇ ಇಲ್ಲ. ತೊಟ್ಟಿಲಿಗೆ ಬಲೆಯೇ ಗತಿ.

● ಬಿಸಿಲಿನ ಕ್ರೀಮ್ ಮೊದಲು, ಸೊಳ್ಳೆಮದ್ದು ಮೇಲೆ. ಈ ಕ್ರಮ ತಪ್ಪಬಾರದು.

● ಡೀಟ್‌ನ ನಾತ ಸೇರದವರಿಗೆ ಪಿಕಾರಿಡಿನ್ ಇದೆ. ಕೆಲವು ಸೀಸೆಗಳ ಮೇಲೆ ಐಕಾರಿಡಿನ್ ಎಂದಿರುತ್ತದೆ. 1980ರ ದಶಕದಲ್ಲಿ ಬೇಯರ್ ಕಂಪನಿ ತಯಾರಿಸಿದ್ದು, ಪ್ಲಾಸ್ಟಿಕ್‌ಗೆ ತೊಂದರೆಯಿಲ್ಲ. ಇದರ ಅಣುವನ್ನು ಕಟ್ಟಿದ್ದು ಪೈಪರೀನ್‌ನ ಮಾದರಿ ನೋಡಿ. ಪೈಪರೀನ್ ಎಂದರೆ ಕರಿಮೆಣಸಿಗೆ ಖಾರ ಕೊಡುವ ವಸ್ತು. ಹಾಗೆಂದು ಸಿರಸಿಯಿಂದ ತಂದ ಮೆಣಸಿನಪುಡಿ ಮೈಗೆ ಬಳಿದುಕೊಂಡರೆ ಸೀನು ಬರುತ್ತದೆ, ಸೊಳ್ಳೆ ಹೋಗುವುದಿಲ್ಲ.

● ಗಿಡದಿಂದ ಬಂದ ಮದ್ದುಗಳಲ್ಲಿ ಪರೀಕ್ಷೆ ಪಾಸಾದದ್ದು ನಿಂಬೆವಾಸನೆಯ ನೀಲಗಿರಿ ಮರದ ಎಲೆಯಿಂದ ಸಂಸ್ಕರಿಸಿದ ಪಿಎಂಡಿ. ನೆಗಡಿಗೆ ಮೂಸುವ ನಮ್ಮ ನೀಲಗಿರಿ ಎಣ್ಣೆಯ ಮರ ಬೇರೆ, ಆ ಎಣ್ಣೆ ಇದಕ್ಕೆ ಆಗುವುದಿಲ್ಲ. ಮಜ್ಜಿಗೆಹುಲ್ಲಿನ ನೆಂಟ ಸಿಟ್ರೊನೆಲ್ಲಾ ಕೆಲಸ ಮಾಡುತ್ತದೆ, ಆದರೆ ಬಹಳ ಹೊತ್ತು ನಿಲ್ಲುವುದಿಲ್ಲ.

● ಪರ್ಮೆಥ್ರಿನ್ ಮೈಗಲ್ಲ, ಬಟ್ಟೆಗೆ. ಸೇವಂತಿಗೆ ಕುಲದ ಒಂದು ಹೂವಿನಲ್ಲಿರುವ ಪೈರೆಥ್ರಿನ್ ವಿಷದ ಮಾದರಿಯಲ್ಲಿ ಮಾಡಿದ್ದು. ಉಣುಗು ತಾಗಿದರೆ ಬಿದ್ದು ಸಾಯುತ್ತದೆ. ಮನೆಯಲ್ಲೇ ಸಿಂಪಡಿಸಿ ಪೂರ್ತಿ ಒಣಗಿಸಿಕೊಂಡು ಹೊರಡಬೇಕು. ಹಸಿಯಾಗಿದ್ದಾಗ ಬೆಕ್ಕಿಗೆ ಮಾರಕ, ಕೆರೆಗೆ ಬಿದ್ದರೆ ಮೀನಿಗೆ.

● ಅದೇ ಹೂವಿನ ಪುಡಿಯಿಂದ ಜಪಾನಿನ ಎಇಚಿರೊ ಉಯೆಯಾಮ 1890ರ ಸುಮಾರಿಗೆ ಸೊಳ್ಳೆ ಓಡಿಸುವ ಊದುಬತ್ತಿ ಮಾಡಿದ. ಬೇಗ ಉರಿದುಹೋಗುತ್ತಿತ್ತು. ಸುರುಳಿ ಮಾಡಿದರೆ ಹೇಗೆ ಎಂದದ್ದು ಹೆಂಡತಿ ಯುಕಿ. ಇಂದಿಗೂ ಕೆನೂಗಾರರ ಚೀಲದಲ್ಲಿ ಆ ಸುರುಳಿ ಇರುತ್ತದೆ.

● ಬಟ್ಟೆಯ ಬಣ್ಣದ ಮೇಲೂ ಲೆಕ್ಕವಿದೆ. ಕರಿನೊಣಕ್ಕೆ ಗಾಢ ಬಣ್ಣ ಇಷ್ಟ, ನೀಲಿಯಂತೂ ಪಂಚಪ್ರಾಣ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದಂತೆ ಏಡಿಸ್ ಈಜಿಪ್ಟೈ ಸೊಳ್ಳೆ ಉಸಿರಿನ ವಾಸನೆ ಸಿಕ್ಕ ಮೇಲೆ ಕೆಂಪು, ಕಿತ್ತಳೆ, ಕಪ್ಪಿನ ಕಡೆ ಹಾರುತ್ತದೆ, ನೀಲಿ-ಹಸಿರು-ಬಿಳಿಯನ್ನು ಕಡೆಗಣಿಸುತ್ತದೆ. ಇಬ್ಬರಿಗೂ ಬೇಡವಾದ ತೆಳು ಖಾಕಿಯೇ ಕ್ಷೇಮ. ಜೀನ್ಸ್ ಮನೆಯಲ್ಲಿರಲಿ: ನೀಲಿ, ನೆನೆದರೆ ಒಣಗದು.

● ಕರಿನೊಣ ಬಟ್ಟೆಯ ಮೂಲಕ ಕಚ್ಚಲಾರದು, ಆದರೆ ಸಂದಿ ಹುಡುಕಿ ತೆವಳುತ್ತದೆ. ತೋಳಿನ ತುದಿ, ಸೊಂಟಪಟ್ಟಿ, ಕೂದಲಂಚು ಅದರ ಹೆದ್ದಾರಿ. ಪ್ಯಾಂಟಿನ ತುದಿ ಕಾಲುಚೀಲದೊಳಕ್ಕೆ, ಅಂಗಿ ಪ್ಯಾಂಟಿನೊಳಕ್ಕೆ. ಅಂದಚಂದ ನೋಡುವವರು ಅಲ್ಲಿ ಲೂನ್ ಬಿಟ್ಟರೆ ಯಾರೂ ಇಲ್ಲ. ತಲೆಬಲೆ ಕೊಳ್ಳುವಾಗ ಕಪ್ಪು ಜಾಲರಿಯದ್ದನ್ನೇ ಕೊಳ್ಳಿ. ಬಿಳಿಯದು ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಕಪ್ಪಿನ ಮೂಲಕ ದಾರಿ ಕಾಣುತ್ತದೆ.

● ಎಲ್ಲಕ್ಕಿಂತ ಅಗ್ಗದ ಮದ್ದು ಗಾಳಿ. ಸೊಳ್ಳೆಯ ಹಾರಾಟ ಮನುಷ್ಯನ ನಡಿಗೆಗಿಂತ ನಿಧಾನ, ಬೀಸುಗಾಳಿಗೆ ಕರಿನೊಣವೂ ಏಳುವುದಿಲ್ಲ. ಬಿಡಾರಕ್ಕೆ ದ್ವೀಪವೋ, ಕೆರೆಯೊಳಕ್ಕೆ ಚಾಚಿದ ಬೋಳುಬಂಡೆಯೋ ಸಿಕ್ಕರೆ ಬಿಡಬೇಡಿ. ಹೊಳೆಯ ಮೊರೆತ ಕೇಳುತ್ತ ಮಲಗಬೇಕೆಂಬ ಆಸೆ ಆಗಸ್ಟ್‌ವರೆಗೆ ಕಾಯಲಿ.

● ಮಿಂಚುದೀಪದ ಕೀಟಯಂತ್ರವನ್ನು ಅಮೆರಿಕದ ಡೆಲವೇರ್‌ನಲ್ಲಿ ಪರೀಕ್ಷಿಸಿದವರು 1996ರಲ್ಲಿ ಲೆಕ್ಕ ಕೊಟ್ಟರು: ಸತ್ತ ಕೀಟ 13,789, ಅವುಗಳಲ್ಲಿ ಕಚ್ಚುವಂಥವು 31. ಸದ್ದಿನಿಂದ ಸೊಳ್ಳೆ ಓಡಿಸುವ ಪೆಟ್ಟಿಗೆ, ಬಿ1 ವಿಟಮಿನ್ ಮಾತ್ರೆ, ಎರಡೂ ದಂಡ.

● ಕಣ್ಣಿಗೇ ಬೀಳದ ನೊರಜಿಗೆ ಅಲ್ಲಿ 'ನೋ-ಸೀ-ಅಮ್' ಎನ್ನುತ್ತಾರೆ. ಉದ್ದ ಒಂದರಿಂದ ಮೂರು ಮಿ.ಮೀ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಟೆಂಟು ಕೊಳ್ಳುವಾಗ ಜಾಲರಿ ಯಾವುದೆಂದು ಕೇಳಿ. ಬೈಯುವ ಮುಂಚೆ ಇದನ್ನೂ ಕೇಳಿ: ಇದರ ದಾಯಾದಿ ನೊರಜುಗಳೇ ಕೋಕೋ ಹೂವಿನ ಪರಾಗ ಸಾಗಿಸುವ ಮುಖ್ಯ ಕೂಲಿಗಳು. ಅವಿಲ್ಲದಿದ್ದರೆ ಕೋಕೋ ಕಾಯಿ ಕಟ್ಟುವುದು ಕಷ್ಟ. 1986ರಲ್ಲಿ ಪುತ್ತೂರಿನಲ್ಲಿ ಶುರುವಾದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯೂ ಆ ಲೆಕ್ಕದಲ್ಲಿ ನೊರಜಿನ ಋಣದಲ್ಲಿದೆ.

● ಸೊಳ್ಳೆಗೂ ಇಂಥ ಒಂದು ಪುಣ್ಯದ ಕೆಲಸವಿದೆ. ಉತ್ತರದ ಜೌಗುಕಾಡಿನ ಪುಟ್ಟ ಹಸಿರು ಆರ್ಕಿಡ್ ಪ್ಲಾಟಾಂಥೆರಾ ಆಬ್ಟುಸಾಟಾಕ್ಕೆ ಪರಾಗ ತಲುಪಿಸುವುದು ಸೊಳ್ಳೆಯೇ. ಹಳದಿ ಪರಾಗದ ಗಂಟು ಕಣ್ಣಿಗೆ ಅಂಟಿಸಿಕೊಂಡೇ ಹಾರುತ್ತಿರುತ್ತದೆ.

● ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗಿನ 202 ಕಿ.ಮೀ. ರಿಡೋ ಕಾಲುವೆಯಲ್ಲಿ ಈಗ ಕೆನೂ ವಿಹಾರ, 2007ರಿಂದ ಯುನೆಸ್ಕೊ ಪಟ್ಟ. ಅದನ್ನು ತೋಡಿದ 1826–32ರಲ್ಲಿ ಸುಮಾರು 1,000 ಕೆಲಸಗಾರರು ಸತ್ತರು, ಅರ್ಧದಷ್ಟು ಜನ ಮಲೇರಿಯಾದಿಂದ ಎಂಬುದು ಅಂದಾಜು. ಹೌದು, ಕೆನಡಾದಲ್ಲಿ ಮಲೇರಿಯಾ! ಜೌಗಿನ ಕೆಟ್ಟ ಗಾಳಿಯೇ ಕಾರಣವೆಂದು ಆಗ ನಂಬಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದಕ್ಕೂ ಮೊದಲು, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದಾಗ ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಹಾಕುವುದನ್ನು ಕಂಡು, ಅದನ್ನು ಬೋರಲು ಹಾಕಿಸಿ ಕಾಟ ಕಳೆದುಕೊಂಡಿದ್ದ.

● ಕೆನಡಾದ ಕರಿನೊಣ ಮನುಷ್ಯರಿಗೆ ರೋಗ ಹರಡುವುದಿಲ್ಲ, ಬರೀ ಕಾಡುತ್ತದೆ. ಆಫ್ರಿಕದ ಹೊಳೆಗಳ ಬದಿಯ ಅದರ ಬಳಗ ಕಣ್ಣು ಕಳೆಯುವ ಜಂತು ಹರಡುತ್ತದೆ. ಅದಕ್ಕೆ ಮದ್ದಾದ ಐವರ್‌ಮೆಕ್ಟಿನ್‌ನ ಮೂಲ ಸಿಕ್ಕಿದ್ದು ಜಪಾನಿನ ಒಂದು ಗಾಲ್ಫ್ ಮೈದಾನದ ಬಳಿಯ ಮಣ್ಣಿನಲ್ಲಿ. ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್‌ಗೆ 2015ರ ನೊಬೆಲ್ ತಂದದ್ದು ಅದೇ ಮಣ್ಣು.

● ಕರಿನೊಣಕ್ಕೆ ಆಸ್ಕರ್ ಅಂಗಳವೂ ಗೊತ್ತು. ಉತ್ತರ ಆಂಟೇರಿಯೊದಲ್ಲಿ ಸರ್ವೆ ತಂಡದೊಂದಿಗೆ ದುಡಿದ ವೇಡ್ ಹೆಮ್ಸ್‌ವರ್ತ್ ಈ ನೊಣದ ಮೇಲೆ 1949ರಲ್ಲಿ ಒಂದು ಹಾಡು ಕಟ್ಟಿದ. ಕ್ರಿಸ್ಟೋಫರ್ ಹಿಂಟನ್ 1991ರಲ್ಲಿ ಅದನ್ನು ಪುಟ್ಟ ಆ್ಯನಿಮೇಷನ್ ಚಿತ್ರ ಮಾಡಿದ, ಆಸ್ಕರ್‌ಗೆ ನಾಮನಿರ್ದೇಶನವಾಯಿತು.

● ಜುಲೈಗೆ ಹೋಗುವವರಿಗೆ ಒಂದು ಕೊನೆಯ ಸುದ್ದಿ. ಕುದುರೆನೊಣ, ಜಿಂಕೆನೊಣಗಳು ಗಾಢ ಬಣ್ಣದ, ಚಲಿಸುವ ವಸ್ತುವಿನ ಬೆನ್ನು ಹತ್ತುತ್ತವೆ. ಹುಟ್ಟು ಹಾಕುವವನ ತಲೆ ಎರಡೂ ಷರತ್ತು ಪೂರೈಸುತ್ತದೆ. ಜಪಾನಿನ ಸಂಶೋಧಕರು ಕರಿ ಹಸುಗಳಿಗೆ ಜೀಬ್ರಾ ಪಟ್ಟೆ ಬಳಿದು ನೋಡಿದರು, ಕಚ್ಚುವ ನೊಣಗಳ ಕಾಟ ಸುಮಾರು ಅರ್ಧಕ್ಕೆ ಇಳಿಯಿತು. 2019ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2025ರಲ್ಲಿ ನಗೆಯ ನೊಬೆಲ್ ಎನಿಸಿಕೊಂಡ ಇಗ್‌ನೊಬೆಲ್ ಬಂತು. ಪಟ್ಟೆ ಬಳಿದ ಟೋಪಿ ಹಾಕಿ ಆಲ್ಗೊನ್‌ಕ್ವಿನ್‌ಗೆ ಹೋಗುವ ಕನ್ನಡಿಗರು ಫಲಿತಾಂಶವನ್ನು ಈ ಅಂಕಣಕ್ಕೆ ಬರೆದು ಕಳಿಸಬಹುದು.